ಗೇಟಿನ ಬೀಗದ ಕೈ

ಮಗಳೇ,

ರೆಫ್ರಿ ಪರೀಕ್ಷೆ ಪಾಸಾದೆ ಅಂತ ಹೇಳಲು ನೀನು ಮನೆಗೆ ಬಂದ ದಿನ ಕೈಯಲ್ಲಿ ಪೇಡಾ ಡಬ್ಬಿ ಇತ್ತು, ಕತ್ತಿನಲ್ಲಿ ಹೊಸ ವಿಸಲ್ ಇತ್ತು. ಆಫ್‌ಸೈಡಿನ ಬಗ್ಗೆ ಒಂದು ಗಂಟೆ ಮಾತಾಡಿದೆವು. ಹ್ಯಾಂಡ್‌ಬಾಲ್ ಬಗ್ಗೆ ಜಗಳವನ್ನೇ ಆಡಿದೆವು. ನೀನು ಹೋದ ಮೇಲೆ ಮನೆಯ ಗೇಟು ಹಾಕುತ್ತಿರುವಾಗ ನೆನಪಾಯಿತು, ಆಟಗಾರ ಪೆಟ್ಟು ತಿಂದು ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪರೀಕ್ಷೆಗೆ ಓದುವಾಗ ಅದು ಅರ್ಧ ಪುಟದ ವಿಷಯ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯಲು ಕೂತೆ.

ಫುಟ್‌ಬಾಲಿನ ಐದನೇ ನಿಯಮ ನಿನಗೆ ಬಾಯಿಪಾಠ. ಪೆಟ್ಟು ಸಣ್ಣದಾದರೆ ಚೆಂಡು ಹೊರಗೆ ಹೋಗುವವರೆಗೆ ಆಟ ನಡೆಯಲಿ, ದೊಡ್ಡದಾದರೆ ನಿಲ್ಲಿಸು. ಎಷ್ಟಾದರೆ ಸಣ್ಣದು, ಎಷ್ಟಾದರೆ ದೊಡ್ಡದು ಅಂತ ಪುಸ್ತಕ ಹೇಳುವುದಿಲ್ಲ. ಅದನ್ನು ರೆಫ್ರಿಗೇ ಬಿಟ್ಟಿದೆ. ಅಂದರೆ ಇಪ್ಪತ್ತು ಗಜ ದೂರದಿಂದ, ಓಡುತ್ತಾ, ಬೆವರು ಕಣ್ಣಿಗೆ ಇಳಿಯುತ್ತಿರುವಾಗ, ಎಂಬಿಬಿಎಸ್ ಓದದ ನೀನು ಅಳತೆ ಹೇಳಬೇಕು! ಹೆದರಬೇಡ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದರ ಮೇಲೆ ಹೊಸ ರೆಫ್ರಿಗಳ ಕಣ್ಣು ನಿಲ್ಲುವುದೇ ಇಲ್ಲ. ನಿನ್ನ ಅನುಮತಿ ಇಲ್ಲದೆ ಡಾಕ್ಟರು ಕೂಡ ಗೆರೆ ದಾಟುವ ಹಾಗಿಲ್ಲ. ಹೆತ್ತ ತಾಯಿ ಗೆರೆಯ ಪಕ್ಕ ನಿಂತಿದ್ದರೂ ನೀನು ಕೈ ಬೀಸುವವರೆಗೆ ಒಳಗೆ ಬರಲಾರಳು. ಪೆಟ್ಟು ಎಂಥದ್ದು ಅಂತ ಪತ್ತೆ ಹಚ್ಚುವ ಕೆಲಸ ನಿನ್ನದಲ್ಲ. ನೀನು ಬಾಗಿಲು ಕಾಯುವವಳು. ಎಷ್ಟು ಬೇಗ ತೆಗೆದೆ, ಅಷ್ಟೇ ನಿನ್ನ ಲೆಕ್ಕ.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಊರಿನ ಹೆಸರು ಬೇಡ. ಮಳೆಗಾಲದ ಟೂರ್ನಮೆಂಟು, ಸಂಜೆಯ ಮ್ಯಾಚು, ಕಾರ್ನರ್ ಕಿಕ್. ಇಬ್ಬರು ಹುಡುಗರು ಒಂದೇ ಚೆಂಡಿಗೆ ನೆಗೆದರು. ತೆಂಗಿನಕಾಯಿಗೆ ತೆಂಗಿನಕಾಯಿ ಕುಟ್ಟಿದ ಹಾಗೆ ಸದ್ದು. ಒಬ್ಬ ಹಣೆ ಹಿಡಿದು ಕೂತ. ಇನ್ನೊಬ್ಬ ಕೈ ಊರದೆ ಮುಖ ಅಡಿಯಾಗಿ ಬಿದ್ದ. ಇದೊಂದನ್ನು ಮನಸ್ಸಿನಲ್ಲಿಟ್ಟುಕೋ: ಎಚ್ಚರ ಇರುವವನು ಬೀಳುವಾಗ ಕೈ ಊರುತ್ತಾನೆ. ಊರಲಿಲ್ಲ ಅಂದರೆ ನೆಲ ಮುಟ್ಟುವ ಮೊದಲೇ ಎಚ್ಚರ ತಪ್ಪಿದೆ ಅಂತಲೇ ತಿಳಿ. ವಿಸಲ್ ಊದಿದೆ, ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೇ. ಅಷ್ಟರಲ್ಲಿ ಹುಡುಗನ ಕೈಕಾಲು ಸೆಟೆದುಕೊಂಡು ಅದುರತೊಡಗಿದವು. ಹಗ್ಗ ಹಾರಿ ಜನ ನುಗ್ಗಿದರು. “ಕಬ್ಬಿಣ ಕೊಡ್ರೋ, ಕಬ್ಬಿಣ!” ಯಾರೋ ಒಬ್ಬ ತನ್ನ ಕೀ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದ. ಇನ್ನೊಬ್ಬ ಚುರುಮುರಿ ಗಾಡಿಗೆ ಓಡಿ ಹೆಚ್ಚಿದ ಈರುಳ್ಳಿ ತಂದು ಮೂಗಿಗೆ ಹಿಡಿದ. ಮೂರನೆಯವನು ನಾಲಿಗೆ ಒಳಗೆ ಹೋಗುತ್ತೆ ಅಂತ ಹಲ್ಲಿನ ಸಂದಿಗೆ ಬೆರಳಿಟ್ಟು ಕಚ್ಚಿಸಿಕೊಂಡು ಅವನೇ ಕಿರುಚಾಡಿದ.

ಗೇಟಿನಾಚೆ ಆಸ್ಪತ್ರೆಗೆ ಒಯ್ಯುವ ವ್ಯಾನು ಬಂದು ನಿಂತು ಹಾರ್ನ್ ಹೊಡೆಯುತ್ತಲೇ ಇತ್ತು. ಗೇಟಿಗೆ ಬೀಗ. ಬೀಗದ ಕೈ ವಾಚ್‌ಮನ್ ಹತ್ತಿರ. ವಾಚ್‌ಮನ್ ಟೀಗೆ ಹೋಗಿದ್ದ. ಹುಡುಗನ ಮುಷ್ಟಿಯಲ್ಲಿ ಐದಾರು ಬೀಗದ ಕೈಗಳಿದ್ದವು, ಬೇಕಾಗಿದ್ದ ಒಂದು ಇರಲಿಲ್ಲ. ನನ್ನ ವಾಚು ಓಡುತ್ತಿತ್ತು, ಆದ್ದರಿಂದ ಎಷ್ಟು ಹೊತ್ತಾಯಿತು ಅಂತ ಸರಿಯಾಗಿ ಗೊತ್ತು. ಹನ್ನೊಂದು ನಿಮಿಷ.

ಹುಡುಗ ಬದುಕಿದ. ಈಗ ಅವನ ಮಗನೇ ಆಡುವ ವಯಸ್ಸಿಗೆ ಬಂದಿದ್ದಾನೆ. ನನ್ನನ್ನು ಯಾರೂ ಬೈಯಲಿಲ್ಲ, ಗೇಟು ನೋಡಿಕೊಳ್ಳುವುದು ರೆಫ್ರಿ ಕೆಲಸವಲ್ಲವಲ್ಲ. ಆದರೆ ಅಂದಿನಿಂದ ನಾನು ಟಾಸ್ ಹಾಕುವ ಮೊದಲು ನೆಟ್ ನೋಡಿ, ಕಾರ್ನರ್ ಫ್ಲ್ಯಾಗ್ ನೋಡಿ, ಆಮೇಲೆ ಗೇಟಿನವರೆಗೆ ನಡೆದುಹೋಗಿ ಬೀಗ ತೆಗೆಸಿ ಬರುತ್ತಿದ್ದೆ. ಸ್ಟ್ರೆಚರ್ ಎಲ್ಲಿದೆ, ಹೊರುವವರು ಯಾರು, ಎರಡೂ ತಂಡಗಳಲ್ಲಿ ಪೆಟ್ಟು ನೋಡುವವರು ಯಾರು ಅಂತ ಮುಖ ಗುರುತು ಮಾಡಿಕೊಳ್ಳುತ್ತಿದ್ದೆ. ಜೊತೆಯ ರೆಫ್ರಿಗಳು “ಸಾರ್ ಕಾಂಟ್ರಾಕ್ಟರ್ ಥರ ಇನ್‌ಸ್ಪೆಕ್ಷನ್ ಮಾಡ್ತಾರೆ” ಅಂತ ನಗುತ್ತಿದ್ದರು. ನಗಲಿ. ನಿನ್ನನ್ನು ನೋಡಿಯೂ ನಗುತ್ತಾರೆ.

ಇನ್ನು ಆಟದೊಳಗಿನ ಮಾತು. ಬಿದ್ದವನನ್ನು ನೋಡುವ ಮೊದಲು ಹೇಗೆ ಬಿದ್ದ ಅಂತ ನೋಡಿರಬೇಕು. ಇನ್ನೊಬ್ಬನಿಗೆ ಡಿಕ್ಕಿ ಹೊಡೆದು ಬಿದ್ದರೆ ಕಾಲೋ ಕೈಯೋ ತಲೆಯೋ ಇರಬಹುದು. ಯಾರೂ ಮುಟ್ಟದೆ ಬಿದ್ದರೆ? ಅದು ಹೃದಯ ಅಂತಲೇ ತಿಳಿದು ಕೈ ಬೀಸು. ತಪ್ಪಾದರೆ ಒಂದು ನಿಮಿಷ ಹೋಗುತ್ತದೆ, ಅದನ್ನು ಕೊನೆಯಲ್ಲಿ ಸೇರಿಸಿಕೊಡಬಹುದು. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್‌ನಲ್ಲಿ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಹಾಗೇ ಬಿದ್ದ. ಕಾನ್ಫೆಡರೇಷನ್ಸ್ ಕಪ್ ಸೆಮಿಫೈನಲ್, 72ನೇ ನಿಮಿಷ, ಸುತ್ತ ಯಾರೂ ಇರಲಿಲ್ಲ. ಉಳಿಯಲಿಲ್ಲ. ಹದಿನೆಂಟು ವರ್ಷದ ನಂತರ, 2021ರ ಜೂನ್ 12ರಂದು, ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಥ್ರೋ ಬಂದ ಚೆಂಡಿನತ್ತ ಎರಡು ಹೆಜ್ಜೆ ಹಾಕಿ ಮುಂದಕ್ಕೆ ಕುಸಿದ. ರೆಫ್ರಿ ಆಂಟನಿ ಟೇಲರ್ ಕೆಲವೇ ಸೆಕೆಂಡುಗಳಲ್ಲಿ ವಿಸಲ್ ಊದಿ ವೈದ್ಯರನ್ನು ಕರೆದ. ಆ ವಿಡಿಯೊ ಸಿಕ್ಕರೆ ಎರಿಕ್ಸನ್‌ನನ್ನು ನೋಡಬೇಡ, ಟೇಲರ್‌ನ ಕೈಯನ್ನು ನೋಡು. ಹತ್ತಿರ ಹೋಗಿ ಬಗ್ಗಿ ವಿಚಾರಿಸುತ್ತಾ ನಿಲ್ಲಲಿಲ್ಲ, ಮೊದಲು ಕರೆದ. ನಾಯಕ ಸೀಮೊನ್ ಕ್ಯಾರ್ ಓಡಿಬಂದು ನೆರವಾದ, ಆಟಗಾರರು ಬೆನ್ನು ಹಾಕಿ ಗೋಡೆಯಾಗಿ ನಿಂತರು, ವೈದ್ಯರು ಎದೆ ಒತ್ತಿದರು. ಎರಿಕ್ಸನ್ ಎದೆಯೊಳಗೆ ಯಂತ್ರ ಇರಿಸಿಕೊಂಡು ಮರುವರ್ಷ ಮತ್ತೆ ಆಡಿದ. ಟೇಲರ್‌ನನ್ನು ಬೇರೆ ತೀರ್ಪುಗಳಿಗಾಗಿ ಜನ ಎಷ್ಟೋ ಸಲ ಬೈದಿದ್ದಾರೆ, ಮುಂದೆಯೂ ಬೈಯುತ್ತಾರೆ. ನನಗೆ ಅವನ ಆ ಒಂದು ಕೈ ಸನ್ನೆ ಸಾಕು.

ನಮ್ಮಲ್ಲಿ ಪ್ರತಿ ಮೈದಾನದ ಪಕ್ಕ ವೈದ್ಯರು ಇರುವುದಿಲ್ಲ. ಆದ್ದರಿಂದ ಎದೆ ಒತ್ತುವುದನ್ನು ನೀನೇ ಕಲಿ, ಒಂದು ಮಧ್ಯಾಹ್ನದ ಕೆಲಸ. ಎದೆಯ ನಡುವೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಅಲುಗಾಡದೆ ಬಿದ್ದವನು ಆಗೊಮ್ಮೆ ಈಗೊಮ್ಮೆ ಮೀನಿನ ಹಾಗೆ ಬಾಯಿ ತೆರೆದು ಗೊರಗೊರ ಅಂದರೆ ಅದು ಉಸಿರಾಟವಲ್ಲ, ಕಾಯಬೇಡ. 108ಕ್ಕೆ ಯಾರಾದರೂ ಫೋನ್ ಮಾಡಿ ಅನ್ನಬೇಡ, ಒಬ್ಬರ ಕಡೆ ಬೆರಳು ತೋರಿಸಿ “ನೀವು ಮಾಡಿ” ಅನ್ನು. ಎಲ್ಲರಿಗೂ ಹೇಳಿದ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಫಿಟ್ಸ್ ಬಂದವನ ಕೈಗೆ ಕಬ್ಬಿಣ ಬೇಡ, ಬಾಯಿಗೆ ಬೆರಳು ಬೇಡ. ಅದುರುವುದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ನಿಂತ ಮೇಲೆ ಉಸಿರು ನೋಡಿ, ತಲೆ ಕತ್ತನ್ನು ಜೋಡಿಸಿ ಹಿಡಿದು ಪಕ್ಕಕ್ಕೆ ಮಗ್ಗುಲಾಗಿಸಬೇಕು. ತಲೆಗೆ ಪೆಟ್ಟು ಬಿದ್ದವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ನಿಲ್ಲಿಸುವ ಗೆಳೆಯರಿದ್ದಾರಲ್ಲ, ಅವರನ್ನು ಮಾತ್ರ ಗದರಿಸಿ ದೂರ ನಿಲ್ಲಿಸು.

ತಲೆಯ ಪೆಟ್ಟಿನ ವಿಷಯ ಬಂತು, ಇಲ್ಲಿ ಸ್ವಲ್ಪ ನಿಲ್ಲೋಣ. ಮುರಿದ ಕಾಲು ಕೂಗಿ ಹೇಳುತ್ತದೆ. ತಲೆ ಸುಳ್ಳು ಹೇಳುತ್ತದೆ. 2014ರ ವಿಶ್ವಕಪ್ ಫೈನಲ್, ಮರಕಾನಾ. ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್‌ಗೆ 17ನೇ ನಿಮಿಷದಲ್ಲಿ ಅರ್ಜೆಂಟೀನಾದ ಗರಾಯ್‌ನ ಭುಜ ಮುಖಕ್ಕೆ ಬಡಿಯಿತು. ಎದ್ದ, ಓಡಿದ, ಆಡಿದ. ಸ್ವಲ್ಪ ಹೊತ್ತಿನ ಮೇಲೆ ರೆಫ್ರಿ ನಿಕೊಲಾ ರಿಝೋಲಿಯ ಹತ್ತಿರ ಬಂದು ಇದು ಫೈನಲ್ ಮ್ಯಾಚಾ ಅಂತ ಕೇಳಿದ. ತಮಾಷೆ ಇರಬೇಕು ಅಂದುಕೊಂಡ ರಿಝೋಲಿ ಇನ್ನೊಮ್ಮೆ ಕೇಳಿಸಿಕೊಂಡ. ಹುಡುಗ ತಮಾಷೆ ಮಾಡುತ್ತಿರಲಿಲ್ಲ. ರಿಝೋಲಿ ಹೋಗಿ ಅವನ ತಂಡದ ಶ್ವೈನ್‌ಸ್ಟೈಗರ್‌ಗೆ ತಿಳಿಸಿದ, 31ನೇ ನಿಮಿಷದಲ್ಲಿ ಕ್ರಾಮರ್‌ನನ್ನು ಹೊರಗೆ ಕರೆದುಕೊಂಡರು. ಕೋಟಿ ಕೋಟಿ ಜನ ನೋಡುತ್ತಿದ್ದ ಆಟದಲ್ಲಿ, ದೊಡ್ಡ ದೊಡ್ಡ ವೈದ್ಯರು ಬೆಂಚಿನ ಮೇಲಿರುವಾಗ, ಹದಿನಾಲ್ಕು ನಿಮಿಷ ಅವನು ಎಲ್ಲಿದ್ದೇನೆ ಅಂತ ಗೊತ್ತಿಲ್ಲದೆ ಆಡಿದ. ಅದು ರೆಫ್ರಿಯ ಕಿವಿಗೆ ಬಿತ್ತು, ಏಕೆಂದರೆ ಆಟದ ನಡುವೆ ಅವನ ಜೊತೆ ಮಾತಾಡಲು ಇದ್ದವನು ರೆಫ್ರಿ.

ಅದಕ್ಕೇ ಹೇಳುವುದು, ತಲೆಗೆ ತಗುಲಿದವನನ್ನು “ಆರಾಮಾ?” ಅಂತ ಕೇಳಬೇಡ. “ಆರಾಮ್ ಮೇಡಂ” ಅಂತಾನೆ. ಮೂಳೆ ಮುರಿದವನೂ ಹಾಗೇ ಅಂತಾನೆ, ಹದಿನಾರರ ವಯಸ್ಸು ಅಂಥದ್ದು. ಬದಲಿಗೆ ಸ್ಕೋರ್ ಎಷ್ಟು, ಕೊನೆಯ ಗೋಲು ಯಾರು ಹೊಡೆದರು, ಇದು ಫಸ್ಟ್ ಹಾಫೋ ಸೆಕೆಂಡ್ ಹಾಫೋ ಅಂತ ಕೇಳು. ಉತ್ತರಕ್ಕಿಂತ ಉತ್ತರ ಬರಲು ಹಿಡಿದ ಹೊತ್ತು ನೋಡು. ಅನುಮಾನ ಬಂದರೆ ಹೊರಗೆ. ಕೋಚ್ ಗೆರೆಯಿಂದ “ಏನಾಗಿಲ್ಲ ಮೇಡಂ, ನಮ್ಮ ಹುಡುಗ ನಮಗೆ ಗೊತ್ತಿಲ್ವಾ” ಅನ್ನುತ್ತಾನೆ. ಅವನಿಗೆ ಗೊತ್ತಿರುವುದು ಹುಡುಗ ಅಲ್ಲ, ಅಂಕಪಟ್ಟಿ. ವೈದ್ಯರು ಇರುವ ಕಡೆ ತೀರ್ಮಾನ ಅವರದು. ಇಲ್ಲದ ಕಡೆ ನೀನು ಮೊಂಡಾಗಬೇಕು. ತಲೆ ಪೆಟ್ಟಿಗೆಂದೇ ಹೆಚ್ಚುವರಿ ಬದಲಿ ಆಟಗಾರನಿಗೆ 2021ರಿಂದ ಪ್ರಯೋಗ ನಡೆದು, 2024ರಿಂದ ಬೇಕಾದ ಟೂರ್ನಮೆಂಟುಗಳು ಅಳವಡಿಸಿಕೊಳ್ಳಬಹುದು ಅಂತ ನಿಯಮಕ್ಕೇ ಸೇರಿದೆ. ನಿನ್ನ ಲೀಗಿನಲ್ಲಿ ಉಂಟೋ ಇಲ್ಲವೋ ಮೊದಲೇ ಕೇಳಿಟ್ಟುಕೊಂಡರೆ ಆ ಹೊತ್ತಿಗೆ ವಾದ ಕಡಿಮೆ.

ಇನ್ನು ನಾಟಕದವರು. ಇವರ ಬಗ್ಗೆ ನೀನು ಅವತ್ತು ನಗುತ್ತಾ ಕೇಳಿದೆ. ಇದ್ದಾರೆ, ಎಲ್ಲ ತಂಡದಲ್ಲೂ ಇದ್ದಾರೆ. ಒಂದು ಗೋಲು ಮುಂದಿದ್ದಾಗ ಎಂಬತ್ತನೇ ನಿಮಿಷದ ನಂತರ ಅವರ ಸ್ನಾಯುಗಳೆಲ್ಲ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಗೆರೆಯಾಚೆ ಬಿದ್ದವನು ಮೆಲ್ಲಗೆ ಉರುಳಿ ಗೆರೆಯೊಳಗೆ ಬರುತ್ತಾನೆ, ಆಟ ನಿಲ್ಲಲಿ ಅಂತ. ಈಚೆಗೆ ಇನ್ನೊಂದು ವಿದ್ಯೆ: ಗೋಲ್‌ಕೀಪರ್ ಕೂತುಬಿಡುತ್ತಾನೆ, ಅವನಿಗೆ ಆರೈಕೆ ನಡೆಯುವಾಗ ಮಿಕ್ಕ ಹತ್ತು ಜನ ಕೋಚ್ ಹತ್ತಿರ ಪಾಠ ಕೇಳುತ್ತಿರುತ್ತಾರೆ. ಇದಕ್ಕೆಲ್ಲ ಮದ್ದು ಸಿಟ್ಟಲ್ಲ, ಸ್ಟ್ರೆಚರ್. ಆರೈಕೆಯವರು ಬಂದರೆ ಹೊರಗೆ ಹೋಗಲೇಬೇಕು ಅನ್ನುವ ನಿಯಮ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಸ್ಟ್ರೆಚರ್ ಕಂಡ ಕೂಡಲೇ ವಾಸಿಯಾಗುವ ಕಾಯಿಲೆ ಫುಟ್‌ಬಾಲಿನಲ್ಲಿ ಬಹಳ. ವಾಚು ನಿಲ್ಲಿಸಿದ್ದೇನೆ ಅಂತ ಎಲ್ಲರಿಗೂ ಕಾಣುವಂತೆ ಮಣಿಕಟ್ಟಿಗೆ ಬೆರಳು ತಟ್ಟು. 2022ರಲ್ಲಿ ಕತಾರಿನಲ್ಲಿ ಇಂಗ್ಲೆಂಡ್–ಇರಾನ್ ಆಟದ ಮೊದಲರ್ಧಕ್ಕೆ 14 ನಿಮಿಷ ಸೇರಿಸಿದ್ದರು, ಇರಾನಿನ ಕೀಪರ್ ಬೈರಾನ್‌ವಂಡ್ ತನ್ನದೇ ತಂಡದವನಿಗೆ ಡಿಕ್ಕಿ ಹೊಡೆದ ಪೆಟ್ಟಿನಿಂದಾಗಿ. ಅದು ನಿಜವಾದ ಪೆಟ್ಟು. ಕಳೆದ ಸಮಯವನ್ನು ಕೊಡುವುದಕ್ಕೆ ಪೆಟ್ಟು ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯೇ ಇಲ್ಲ, ಕೊಟ್ಟುಬಿಡು.

ಆದರೆ ಇವನು ಯಾವಾಗಲೂ ನಾಟಕದವನೇ ಅಂತ ಯಾರ ಮೇಲೂ ಚೀಟಿ ಅಂಟಿಸಬೇಡ. ಒಮ್ಮೆ ಒಬ್ಬ ವಿಂಗರ್ ಎರಡು ಸಲ ಸುಮ್ಮಸುಮ್ಮನೆ ಬಿದ್ದು ನನ್ನನ್ನು ಏಮಾರಿಸಲು ನೋಡಿದ್ದ. ಮೂರನೇ ಸಲ ಬಿದ್ದಾಗ ನಾನು ತಿರುಗಿಯೂ ನೋಡದೆ ಚೆಂಡಿನ ಹಿಂದೆ ಓಡಿದೆ. ಆಚೆ ತುದಿಯಲ್ಲಿ ಗೋಲೂ ಆಯಿತು. ಹಿಂತಿರುಗಿ ಬಂದಾಗ ಅವನು ಕೂಗುತ್ತಿರಲಿಲ್ಲ, ಎರಡೂ ಕೈಯಲ್ಲಿ ಹುಲ್ಲು ಹಿಡಿದು ಆಕಾಶ ನೋಡುತ್ತಿದ್ದ. ಕಾಲುಚೀಲ ಇಳಿಸಿದರೆ ಶಿನ್‌ಪ್ಯಾಡ್ ಬದಲಿಗೆ ಹಳೆಯ ಕ್ಯಾಲೆಂಡರಿನ ರಟ್ಟು, ಮಧ್ಯಕ್ಕೆ ಮಡಚಿತ್ತು. ರಟ್ಟು ಮಡಚಿದ ಜಾಗದಲ್ಲೇ ಮೂಳೆಯೂ. ಆಟಕ್ಕೆ ಮೊದಲು ಶಿನ್‌ಪ್ಯಾಡ್ ನೋಡಬೇಕಾದವನೂ ನಾನೇ ಆಗಿದ್ದೆ. ತೋಳ ಬಂತು ತೋಳ ಕಥೆಯಲ್ಲಿ ಎಲ್ಲರೂ ಹುಡುಗನಿಗೆ ಬುದ್ಧಿ ಹೇಳುತ್ತಾರೆ. ಸತ್ತದ್ದು ಕುರಿ.

ಚೆಂಡಿನ ಹಿಂದೆಯೇ ಕಣ್ಣು ಹೋಗುವುದು ರೆಫ್ರಿಯ ಹುಟ್ಟುಗುಣ, ಅದನ್ನು ಬಿಡಿಸಿಕೊಳ್ಳಬೇಕು. 1982ರ ವಿಶ್ವಕಪ್ ಸೆಮಿಫೈನಲ್, ಸ್ಪೇನಿನ ಸೆವಿಯಾ. ಪಶ್ಚಿಮ ಜರ್ಮನಿಯ ಕೀಪರ್ ಶೂಮಾಕರ್ ಹಾರಿಬಂದು ಫ್ರಾನ್ಸಿನ ಬಾಟಿಸ್ಟೊನ್‌ಗೆ ಅಪ್ಪಳಿಸಿದ. ಹಲ್ಲು ಉದುರಿ, ಬೆನ್ನುಮೂಳೆಗೆ ಪೆಟ್ಟಾಗಿ, ಪ್ರಜ್ಞೆ ಇಲ್ಲದೆ ಬಿದ್ದವನನ್ನು ನೋಡಿ ಅವನ ತಂಡದ ಪ್ಲಾಟಿನಿ ಸತ್ತೇಹೋದ ಅಂದುಕೊಂಡ. ಚೆಂಡು ಅಷ್ಟರಲ್ಲಿ ಪೋಸ್ಟಿನ ಪಕ್ಕ ಉರುಳಿ ಹೊರಹೋಗಿತ್ತು. ಸ್ಟ್ರೆಚರ್ ಹೋದ ಮೇಲೆ ರೆಫ್ರಿ ಚಾರ್ಲ್ಸ್ ಕೋರ್ವರ್ ಕೊಟ್ಟದ್ದೇನು ಗೊತ್ತೆ? ಗೋಲ್ ಕಿಕ್. ಫೌಲೂ ಇಲ್ಲ, ಹಳದಿಯೂ ಇಲ್ಲ. ನಮ್ಮ ಕಂಠೀರವದಲ್ಲೂ ಒಂದು ಸಂಜೆ ಇದೆ, ಅದನ್ನು ನೆನೆದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್, ಡೆಂಪೋ ಎದುರು ಮೋಹನ್ ಬಗಾನ್. ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ಡೆಂಪೋಗೆ ತನ್ನ ಎರಡನೇ ಗೋಲು ಹೊಡೆಯುತ್ತಲೇ ಕೀಪರ್‌ಗೆ ಡಿಕ್ಕಿಯಾಗಿ ಕುಸಿದ. ಅವನ ತಂಡ 2–0ಯಿಂದ ಗೆದ್ದಿತು, ಅವನು ಏಳಲಿಲ್ಲ. 25 ವರ್ಷ. ಗೋಲಾದಾಗ ಇಡೀ ಮೈದಾನದ ಕಣ್ಣು ನೆಟ್ಟಿನ ಮೇಲಿರುತ್ತದೆ. ಆಗಲೇ ನೀನು ಬೇರೆ ಕಡೆ ನೋಡಬೇಕು, ಕುಣಿಯುವವರನ್ನು ಬಿಟ್ಟು, ಇನ್ನೂ ಎದ್ದಿಲ್ಲದವನು ಯಾರು ಅಂತ.

ನಿಯಮದ ಸಣ್ಣಪುಟ್ಟ ಗಂಟುಗಳು ನಿನಗೆ ಗೊತ್ತಿರುವಂಥವೇ. ಆರೈಕೆ ಪಡೆದವನು ಹೊರಗೆ ಹೋಗಿ, ಆಟ ಶುರುವಾದ ಮೇಲೆ ನೀನು ಕರೆದರಷ್ಟೇ ಬರಬೇಕು. ಚೆಂಡು ಆಟದಲ್ಲಿದ್ದರೆ ಪಕ್ಕದ ಗೆರೆಯಿಂದ ಮಾತ್ರ. ಕೀಪರ್ ಹೋಗಬೇಕಿಲ್ಲ, ಕೀಪರ್‌ಗೆ ಡಿಕ್ಕಿ ಹೊಡೆದವನೂ ಹೋಗಬೇಕಿಲ್ಲ, ಒಂದೇ ತಂಡದ ಇಬ್ಬರು ಡಿಕ್ಕಿಯಾದರೂ ಇಲ್ಲ, ಪೆನಾಲ್ಟಿ ಹೊಡೆಯಬೇಕಾದವನೂ ಇಲ್ಲ. ಎದುರಾಳಿ ಕಾರ್ಡ್ ತಿನ್ನುವಂತೆ ತುಳಿದಿದ್ದರೆ, ಆರೈಕೆ ಬೇಗ ಮುಗಿಯುವಂತಿದ್ದರೆ, ತುಳಿಸಿಕೊಂಡವನು ಅಲ್ಲೇ ಇರಬಹುದು. ಇದು 2016ರಲ್ಲಿ ಬಂದದ್ದು. ಅದಕ್ಕೆ ಮೊದಲು ಒದ್ದವನು ಒಳಗೆ, ಒದೆಸಿಕೊಂಡವನು ಹೊರಗೆ. ಎಷ್ಟು ಸಲ ಆ ಅನ್ಯಾಯವನ್ನು ನನ್ನ ಕೈಯಾರೆ ಮಾಡಿದ್ದೇನೋ! ರಕ್ತ ಬಂದವನು ಮಾತ್ರ ಹೋಗಲೇಬೇಕು. ಕಾಫಿಪುಡಿ ಮೆತ್ತಿಕೊಂಡು ಬರಲಿ, ಬ್ಯಾಂಡೇಜ್ ಕಟ್ಟಿಕೊಂಡು ಬರಲಿ, ರಕ್ತ ನಿಂತಿರಬೇಕು, ಅಂಗಿಯ ಮೇಲೂ ಇರಬಾರದು.

ಫೌಲ್ ಇಲ್ಲದೆ ಪೆಟ್ಟಿಗಾಗಿಯೇ ಆಟ ನಿಲ್ಲಿಸಿದರೆ ಡ್ರಾಪ್ ಬಾಲ್. 2019ಕ್ಕೆ ಮೊದಲು ಇಬ್ಬರನ್ನು ಎದುರುಬದುರು ನಿಲ್ಲಿಸಿ ಚೆಂಡು ಬಿಡುತ್ತಿದ್ದೆವು, ಕಾಲಿಗೆ ಕಾಲು ಹೊಡೆದು ಇನ್ನೊಂದು ಪೆಟ್ಟಾಗುತ್ತಿತ್ತು. ಈಗ ಒಬ್ಬನಿಗೇ ಬಿಡುವುದು, ಮಿಕ್ಕವರೆಲ್ಲ ನಾಲ್ಕು ಮೀಟರ್ ದೂರ. ಪೆನಾಲ್ಟಿ ಏರಿಯಾದಲ್ಲಾದರೆ ಕೀಪರ್‌ಗೆ. ಹೊರಗಾದರೆ ಯಾವ ತಂಡದ ಕೈಗೆ ಚೆಂಡು ಬರುವುದಿತ್ತು ಅಂತ ನಿನಗೆ ಸ್ಪಷ್ಟವಿದ್ದರೆ ಅವರಿಗೆ, ಇಲ್ಲವೇ ಕೊನೆಗೆ ಮುಟ್ಟಿದವರಿಗೆ.

ಚೆಂಡನ್ನು ಬೇಕೆಂದೇ ಹೊರಗೆ ಹೊಡೆದು ಗಾಯಾಳುವಿಗೆ ಸಮಯ ಕೊಡುವುದು, ಎದುರು ತಂಡ ಅದನ್ನು ಹಿಂತಿರುಗಿಸುವುದು, ಇದು ಆಟಗಾರರ ಮರ್ಯಾದೆ, ನಿಯಮವಲ್ಲ. ಅದರ ನಡುವೆ ನೀನು ಬಾಯಿ ಹಾಕಬೇಡ. 1999ರಲ್ಲಿ ಎಫ್‌ಎ ಕಪ್ಪಿನಲ್ಲಿ ಶೆಫೀಲ್ಡ್ ಯುನೈಟೆಡ್ ಹಾಗೆ ಹೊರಗೆ ಹಾಕಿದ ಚೆಂಡನ್ನು ಆರ್ಸೆನಲ್‌ನ ಕಾನು ಹಿಂತಿರುಗಿಸದೆ ಓಡಿ, ಓವರ್‌ಮಾರ್ಸ್ ಗೋಲು ಹೊಡೆದ. ರೆಫ್ರಿ ಗೋಲು ಕೊಟ್ಟ, ಕೊಡದೆ ಬೇರೆ ದಾರಿ ಇರಲಿಲ್ಲ. ಆರ್ಸೆನಲ್ ಕೋಚ್ ವೆಂಗರ್ ತಾನೇ ಮುಂದೆ ಬಂದು ಇನ್ನೊಮ್ಮೆ ಆಡೋಣ ಅಂದ, ಆಡಿದರು. ಮರುವರ್ಷ ಡಿಸೆಂಬರಿನಲ್ಲಿ ಎವರ್ಟನ್ ಮೈದಾನದಲ್ಲಿ ವೆಸ್ಟ್‌ ಹ್ಯಾಮ್‌ನ ಡಿ ಕಾನಿಯೊ, ಕೀಪರ್ ನೆಲದಲ್ಲಿ ಬಿದ್ದಿರುವುದನ್ನು ಕಂಡು, ಗೋಲು ಹೊಡೆಯುವ ಬದಲು ಚೆಂಡನ್ನು ಕೈಯಲ್ಲೇ ಹಿಡಿದುಬಿಟ್ಟ. ಫಿಫಾ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾನು ರೆಫ್ರಿಯಾಗಿ ಕೇಳುವುದು ಬೇರೆ: ನಿಲ್ಲಿಸಬೇಕಾದಷ್ಟು ಪೆಟ್ಟಾಗಿದ್ದರೆ ಆಟಗಾರ ಯಾಕೆ ನಿಲ್ಲಿಸಬೇಕಾಯಿತು? ಬಿದ್ದವನ ಬಗ್ಗೆ ಹನ್ನೊಂದು ಜನ ಕೈ ಎತ್ತಿ ಕೂಗುವವರೆಗೆ, ಯಾರೋ ಚೆಂಡು ಹೊರಗೆ ಹಾಕಲಿ ಅಂತ ನೀನು ಕಾದೆಯೋ, ಆ ಹೊತ್ತಿಗೆ ಆಟ ನಿನ್ನ ಕೈಯಲ್ಲಿ ಇರುವುದಿಲ್ಲ.

ಮರೆಯುವ ಮೊದಲು ಒಂದೆರಡು ಮಾತು. ಬಿದ್ದವನನ್ನು ನೀನಾಗಿ ಕೈ ಹಿಡಿದು ಎತ್ತಬೇಡ, ಒಳ್ಳೆಯ ಮನಸ್ಸಿನಿಂದಲೂ ಬೇಡ. ಆರೈಕೆ ನಡೆಯುವಾಗ ಅವನ ಮೇಲೆ ಬಗ್ಗಿ ನಿಲ್ಲಬೇಡ, ನಾಲ್ಕು ಹೆಜ್ಜೆ ಹಿಂದೆ ನಿಂತರೆ ಅವನೂ ಕಾಣುತ್ತಾನೆ, ಹಿಂದೆ ತಳ್ಳಾಡುತ್ತಿರುವ ಮಿಕ್ಕ ಇಪ್ಪತ್ತೊಂದು ಜನವೂ ಕಾಣುತ್ತಾರೆ. ನರಳುತ್ತಿರುವವನ ತಲೆಯ ಮೇಲೆ ಕಾರ್ಡ್ ಎತ್ತಬೇಡ. ತುಳಿದವನನ್ನು ಪಕ್ಕಕ್ಕೆ ಕರೆದು ತೋರಿಸು, ಅವನು ಎಲ್ಲಿಗೂ ಓಡಿಹೋಗುವುದಿಲ್ಲ. ಆಟ ಮುಗಿದ ಮೇಲೆ ವರದಿಯಲ್ಲಿ ನಿಮಿಷ ಬರೆ, ಏನು ಕಂಡೆಯೋ ಅದನ್ನು ಬರೆ. ಕಾಣದ್ದನ್ನು ಸೇರಿಸಬೇಡ.

ಭಾನುವಾರ ನಿನ್ನ ಮೊದಲ ಮ್ಯಾಚಿಗೆ ನಾನು ಬರುತ್ತೇನೆ. ಪೆವಿಲಿಯನ್ನಿನಲ್ಲಿ ನನಗೆ ಕುರ್ಚಿ ಹಾಕಿಸಬೇಡ. ಗೇಟಿನ ಪಕ್ಕ ಕಲ್ಲುಬೆಂಚಿದೆ, ಫ್ಲಾಸ್ಕ್ ತಂದುಕೊಂಡು ಅಲ್ಲೇ ಕೂತಿರುತ್ತೇನೆ. ವಾಚ್‌ಮನ್ ಟೀಗೆ ಹೊರಟರೆ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋಗಲಿ.